ನೀರಿನ ಮಾತ್ರೆ ನುಂಗುತ್ತಿದ್ದರೂ ಏದುಸಿರು ಏಕೆ?

ಪಾಲಿಬೆಟ್ಟದಿಂದ ಮೈಸೂರಿನ ಜಯದೇವ ಹೃದ್ರೋಗ ಆಸ್ಪತ್ರೆಗೆ ಹೆಚ್ಚುಕಡಿಮೆ ನೂರು ಕಿಲೋಮೀಟರ್. ತಿತಿಮತಿ ದಾಟಿ, ಆನೆಚೌಕೂರಿನ ಕಾಡುದಾರಿ ಹಿಡಿದು, ಹುಣಸೂರಿನ ಮೇಲೆ ಹೋಗಬೇಕು. ಹಗಲಾದರೆ ಎರಡೂವರೆ ಗಂಟೆ. ಆಟಿ ತಿಂಗಳ ಮಳೆಯಲ್ಲಿ, ನಡುರಾತ್ರಿಯಲ್ಲಿ, ರಸ್ತೆಗೆ ಮರ ಬಿದ್ದಿದ್ದರೆ ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಯಾರೂ ಹೇಳಲಾರರು. ಮಡಿಕೇರಿಯ ಜಿಲ್ಲಾ ಆಸ್ಪತ್ರೆಯೇನೂ ಪಕ್ಕದ ಬೀದಿಯಲ್ಲಿಲ್ಲ. ಹೃದಯ ವೈಫಲ್ಯದ ರೋಗಿಯೊಬ್ಬರು ಮನೆಯಲ್ಲಿದ್ದರೆ ಈ ದೂರವನ್ನು ಲೆಕ್ಕಕ್ಕೆ ಹಿಡಿದೇ ಬದುಕಬೇಕು. ಸಮಾಧಾನದ ಸಂಗತಿಯೆಂದರೆ, ಈ ಕಾಯಿಲೆಯ ಏದುಸಿರು ಬಹಳಷ್ಟು ಸಲ ಹೇಳದೆ ಕೇಳದೆ ಬರುವುದಿಲ್ಲ. ಮೂರು ದಿನ, ಒಂದು ವಾರ ಮೊದಲೇ ಸುಳಿವು ಕೊಡುತ್ತದೆ. ಆ ಸುಳಿವು ಹಿಡಿದವರು ಹಗಲು ಹೊತ್ತಿನಲ್ಲಿ ಬಸ್ಸು ಹತ್ತಿ ವೈದ್ಯರನ್ನು ಕಂಡು ಬರುತ್ತಾರೆ. ತಪ್ಪಿಸಿಕೊಂಡವರು ರಾತ್ರಿ ಆಂಬುಲೆನ್ಸ್‌ಗೆ ಕಾಯುತ್ತಾರೆ.

ಇಲ್ಲಿನ ಹೃದ್ರೋಗಿಗಳ ಮದ್ದಿನ ಡಬ್ಬಿಯಲ್ಲಿ ಎಲ್ಲರಿಗೂ ಗುರುತಿರುವುದು 'ನೀರಿನ ಮಾತ್ರೆ'. ಕೆಲವರು ಮೂತ್ರದ ಮಾತ್ರೆ ಎನ್ನುತ್ತಾರೆ. ಲ್ಯಾಸಿಕ್ಸ್ ಹೆಸರಿನಲ್ಲಿ ಬರುವ ಫ್ಯೂರೋಸೆಮೈಡ್, ಡೈಟಾರ್ ಹೆಸರಿನ ಟಾರ್ಸೆಮೈಡ್, ಅಲ್ಡಾಕ್ಟೋನ್ ಎಂಬ ಸ್ಪಿರೊನೊಲ್ಯಾಕ್ಟೋನ್ ಇವುಗಳಲ್ಲಿ ಮುಖ್ಯವಾದವು. ಏದುಸಿರು ಜಾಸ್ತಿಯಾದಾಗ ಮನೆಯವರಿಗೆ ಹೊಳೆಯುವುದು ಎರಡರಲ್ಲೊಂದು: ಇನ್ನೊಂದು ಮಾತ್ರೆ ಕೊಟ್ಟುಬಿಡೋಣ, ಇಲ್ಲವೇ ಈ ಮಾತ್ರೆ ಹಿಡಿಯುತ್ತಿಲ್ಲ, ಬಿಡಿಸಿಬಿಡೋಣ. ಎರಡೂ ಅಪಾಯ. ನಿನ್ನೆ ಮೊನ್ನೆಯವರೆಗೆ ಸಾಕಾಗುತ್ತಿದ್ದ ಮಾತ್ರೆ ಇಂದು ಸಾಲದು ಎಂದರೆ ನಡುವೆ ಏನೋ ಬದಲಾಗಿದೆ. ಅದೇನೆಂದು ಹುಡುಕುವುದು ಮೊದಲ ಕೆಲಸ.

ಹೃದಯ ಸರಿಯಾಗಿ ರಕ್ತ ತಳ್ಳದಿದ್ದಾಗ ಮೂತ್ರಪಿಂಡಕ್ಕೆ ಸಾಕಷ್ಟು ರಕ್ತ ಮುಟ್ಟುವುದಿಲ್ಲ. ದೇಹದಲ್ಲಿ ನೀರೇ ಕಡಿಮೆಯಾಗಿದೆ ಎಂಬಂತೆ ಅದು ವರ್ತಿಸುತ್ತದೆ. ಉಪ್ಪನ್ನೂ ಅದರ ಜೊತೆ ನೀರನ್ನೂ ಹೊರಗೆ ಬಿಡದೆ ಹಿಡಿದಿಡುತ್ತದೆ. ಹಗಲಿಡೀ ಆ ನೀರು ಕಾಲಿಗೆ ಇಳಿದು ಪಾದ ಊದುತ್ತದೆ. ರಾತ್ರಿ ಅಡ್ಡ ಮಲಗಿದಾಗ ಅದೇ ನೀರು ರಕ್ತಕ್ಕೆ ಮರಳಿ, ಶ್ವಾಸಕೋಶದ ರಕ್ತನಾಳಗಳಲ್ಲಿ ಒತ್ತಡ ಏರುತ್ತದೆ. ನಿದ್ದೆ ಹತ್ತಿ ಒಂದೆರಡು ಗಂಟೆಯಾದ ಮೇಲೆ ದಡಕ್ಕನೆ ಎದ್ದು ಕೂತು, ಕಿಟಕಿ ತೆರೆಯಿರಿ ಎನ್ನುವುದು ಇದಕ್ಕೇ. ನೀರಿನ ಮಾತ್ರೆ ಮೂತ್ರಪಿಂಡದ ಆ ಹಿಡಿತವನ್ನು ಸಡಿಲಿಸುತ್ತದೆ. ಬಾಯಿಂದ ನುಂಗಿದ ಫ್ಯೂರೋಸೆಮೈಡ್ ಒಂದು ಗಂಟೆಯೊಳಗೆ ಕೆಲಸ ಶುರುಮಾಡಿ ಆರೆಂಟು ಗಂಟೆಯಲ್ಲಿ ಮುಗಿಸುತ್ತದೆ. ಆಮೇಲೆ ಮೂತ್ರಪಿಂಡ ಮತ್ತೆ ಉಪ್ಪು ಹಿಡಿಯಲು ತೊಡಗುತ್ತದೆ. ಬೆಳಿಗ್ಗೆ ಮಾತ್ರೆ ನುಂಗಿ ಹತ್ತು ಸಲ ಬಚ್ಚಲಿಗೆ ಹೋದವರು ರಾತ್ರಿ ಒಣಮೀನಿನ ಜೊತೆ ಗಂಜಿ ಉಂಡರೆ, ಹೋದದ್ದರಲ್ಲಿ ಬಹುಪಾಲು ವಾಪಸು ಬಂತೆಂದೇ ಲೆಕ್ಕ.

ಇನ್ನೊಂದು ಸೂಕ್ಷ್ಮವಿದೆ. ನೀರು ತುಂಬಿದಾಗ ಊದುವುದು ಪಾದ ಮಾತ್ರವಲ್ಲ, ಕರುಳಿನ ಗೋಡೆಯೂ ಊದುತ್ತದೆ. ಊದಿದ ಕರುಳು ಮಾತ್ರೆಯನ್ನು ನಿಧಾನವಾಗಿ ಹೀರುತ್ತದೆ. ಹೊಟ್ಟೆ ಉಬ್ಬರ, ಎರಡು ತುತ್ತಿಗೇ ಸಾಕೆನಿಸುವುದು, ಊಟ ಸೇರದಿರುವುದು, ಇವನ್ನೆಲ್ಲ ಗ್ಯಾಸ್ ಎಂದು ತಳ್ಳಿಹಾಕುತ್ತೇವೆ. ನೀರಿನ ಮಾತ್ರೆಯ ರೋಗಿಯಲ್ಲಿ ಇದು ಮಾತ್ರೆ ಮೈಗೆ ಹತ್ತುತ್ತಿಲ್ಲ ಎಂಬುದರ ಗುರುತೂ ಆಗಿರಬಹುದು. ಆಸ್ಪತ್ರೆಯಲ್ಲಿ ಅದೇ ಔಷಧವನ್ನು ಇಂಜೆಕ್ಷನ್ ಆಗಿ ಕೊಟ್ಟಾಗ ಸರಸರ ನೀರಿಳಿಯುವುದರ ಗುಟ್ಟು ಇದೇ.

ತೂಕದ ಯಂತ್ರ ಮತ್ತು ಒಂದು ನೋಟ್‌ಬುಕ್

ಹೃದಯ ವೈಫಲ್ಯದ ರೋಗಿ ಇರುವ ಮನೆಗೆ ಮೊದಲು ಬೇಕಾದದ್ದು ಬಿ.ಪಿ. ಯಂತ್ರಕ್ಕಿಂತಲೂ ತೂಕದ ಯಂತ್ರ. ಒಂದು ಲೀಟರ್ ನೀರು ಮೈಯಲ್ಲಿ ನಿಂತರೆ ಒಂದು ಕಿಲೋ ತೂಕ ಏರಲೇಬೇಕು. ಪಾದ ಊದುವ ಮೊದಲೇ, ಉಸಿರು ಸಾಲದಾಗುವ ಮೊದಲೇ ತೂಕ ಏರಿರುತ್ತದೆ. ಬೆಳಿಗ್ಗೆ ಎದ್ದು, ಮೂತ್ರಕ್ಕೆ ಹೋಗಿ ಬಂದು, ಕಾಫಿ ಕುಡಿಯುವ ಮೊದಲು, ಹೆಚ್ಚುಕಡಿಮೆ ಒಂದೇ ಬಗೆಯ ಬಟ್ಟೆಯಲ್ಲಿ, ಅದೇ ಯಂತ್ರದ ಮೇಲೆ, ಗಟ್ಟಿ ನೆಲದ ಮೇಲಿಟ್ಟು ನೋಡಬೇಕು. ಇಲ್ಲಿನ ಚಳಿಯಲ್ಲಿ ಸ್ವೆಟರು, ಕಂಬಳಿ ಹೊದ್ದೇ ಯಂತ್ರ ಹತ್ತುವವರಿದ್ದಾರೆ. ಹಾಗೆ ಮಾಡಿದರೆ ಬರೆದದ್ದಕ್ಕೆ ಅರ್ಥವಿಲ್ಲ.

ಉದಾಹರಣೆಗೆ ಆಸ್ಪತ್ರೆಯಿಂದ ನೀರಿಳಿಸಿ ಮನೆಗೆ ಕಳಿಸಿದ ದಿನ ತೂಕ 58 ಕಿಲೋ ಎಂದಿಟ್ಟುಕೊಳ್ಳಿ. ಸೋಮವಾರ 58.2, ಮಂಗಳವಾರ 59, ಬುಧವಾರ 59.6, ಗುರುವಾರ 60.3. ರೋಗಿ ಆರಾಮವಾಗಿಯೇ ಇದ್ದಾರೆ, ಅಂಗಳದಲ್ಲಿ ಓಡಾಡುತ್ತಿದ್ದಾರೆ. ಆದರೂ ಗುರುವಾರವೇ ವೈದ್ಯರಿಗೆ ಫೋನ್ ಮಾಡಬೇಕು. ಮೂರು ದಿನದಲ್ಲಿ ಎರಡು ಕಿಲೋಗಿಂತ ಹೆಚ್ಚು ಏರಿದರೆ ಅದು ಕೊಬ್ಬಲ್ಲ, ನೀರು. ಹೃದ್ರೋಗ ತಜ್ಞರು ಸಾಮಾನ್ಯವಾಗಿ ಹೇಳುವ ಗಡಿ ಇದೇ. ಭಾನುವಾರದವರೆಗೆ ನೋಡೋಣ ಎಂದು ಕೂತವರಿಗೆ ಆ ಭಾನುವಾರವೇ ರಾತ್ರಿ ಕಷ್ಟವಾಗುವುದು.

ನೋಟ್‌ಬುಕ್ಕಿನಲ್ಲಿ ತೂಕದ ಪಕ್ಕ ಎರಡು ಅಕ್ಷರ ಹೆಚ್ಚು ಬರೆಯುವುದಾದರೆ, ರಾತ್ರಿ ಎಷ್ಟು ದಿಂಬು ಬೇಕಾಯಿತು ಎಂದು ಬರೆಯಿರಿ. ಒಂದು ದಿಂಬಿನವರು ಎರಡಕ್ಕೆ ಬಂದರೆ, ಎರಡರವರು ಕುರ್ಚಿಯಲ್ಲೇ ನಿದ್ದೆ ಮಾಡತೊಡಗಿದರೆ ಅದು ತೂಕದಷ್ಟೇ ಸ್ಪಷ್ಟ ಸುದ್ದಿ. ತೋಟದವರಿಗೆ ಇನ್ನೂ ಸಲೀಸಾದ ಪರೀಕ್ಷೆಗಳಿವೆ. ಲೈನ್ ಮನೆಯಿಂದ ರಸ್ತೆಗೆ ಹತ್ತುವ ದಿಣ್ಣೆಯನ್ನು ಕಳೆದ ವಾರ ನಿಲ್ಲದೆ ಹತ್ತಿದವರು ಈ ವಾರ ಎಲ್ಲಿ ನಿಂತರು? ಉದುರಿದ ಕಾಫಿ ಹಣ್ಣು ಆರಿಸಲು ಬಗ್ಗಿದಾಗ ಅರ್ಧ ನಿಮಿಷದೊಳಗೆ ಉಸಿರು ಕಟ್ಟುತ್ತದೆಯೇ? ಬಗ್ಗಿದಾಗ ಬರುವ ಈ ಏದುಸಿರನ್ನು ವೈದ್ಯರೂ ಹೃದಯದೊಳಗಿನ ಒತ್ತಡ ಏರಿದ್ದರ ಲಕ್ಷಣವೆಂದೇ ಎಣಿಸುತ್ತಾರೆ. ಮೊಣಕಾಲ ಕೆಳಗಿನ ಮುಂದಲ ಮೂಳೆಯ ಮೇಲೆ ಹೆಬ್ಬೆರಳಿಂದ ಹತ್ತು ಸೆಕೆಂಡು ಒತ್ತಿ ಬಿಟ್ಟಾಗ ಗುಳಿ ಹಾಗೆಯೇ ಉಳಿದರೆ ನೀರು ನಿಂತಿದೆ. ಇಲ್ಲೊಂದು ಎಚ್ಚರ: ಬಿ.ಪಿ.ಗೆ ಕೊಡುವ ಅಮ್ಲೋಡಿಪಿನ್ ಮಾತ್ರೆಯಿಂದಲೂ ಪಾದ ಊದುತ್ತದೆ. ತೂಕ ಏರದೆ, ಉಸಿರು ಕೆಡದೆ, ಪಾದವಷ್ಟೇ ಊದಿದ್ದರೆ ಆ ಮಾತ್ರೆಯ ಮೇಲೂ ಅನುಮಾನ ಪಡಬೇಕು.

ಬರೆದಿಡುವುದನ್ನು ಹಗುರವಾಗಿ ಕಾಣಬೇಡಿ. ಪಾದರಸದ ಮೂತ್ರವರ್ಧಕಗಳು ವೈದ್ಯಲೋಕದ ಕಣ್ಣಿಗೆ ಬಿದ್ದದ್ದೇ ಹಾಗೆ. 1919ರಲ್ಲಿ ವಿಯೆನ್ನಾದ ಆಸ್ಪತ್ರೆಯೊಂದರಲ್ಲಿ ಸಿಫಿಲಿಸ್ ರೋಗಿಗೆ ಪಾದರಸದ ಇಂಜೆಕ್ಷನ್ ಕೊಟ್ಟ ದಿನಗಳಲ್ಲಿ ಮೂತ್ರ ವಿಪರೀತ ಹೆಚ್ಚಿದ್ದು ದಾದಿಯರು ಬರೆದಿಟ್ಟ ಲೆಕ್ಕದಲ್ಲಿತ್ತು. ಆಲ್ಫ್ರೆಡ್ ವೋಗಲ್ ಎಂಬ ವೈದ್ಯ ವಿದ್ಯಾರ್ಥಿ ಅದನ್ನು ಗಮನಿಸಿದ. ಫ್ಯೂರೋಸೆಮೈಡ್ ಬರುವುದಕ್ಕೆ ಇನ್ನೂ ನಾಲ್ಕು ದಶಕ ಇತ್ತು.

ತಪ್ಪಿಸಿದ ಮಾತ್ರೆ

ಏದುಸಿರು ಮರುಕಳಿಸುವ ಕಾರಣಗಳಲ್ಲಿ ಸಾಮಾನ್ಯವಾದದ್ದು, ಮತ್ತು ಯಾರೂ ಬಾಯಿಬಿಟ್ಟು ಹೇಳದ್ದು, ಮಾತ್ರೆಯನ್ನೇ ನುಂಗದಿರುವುದು. ಮರೆವಿನಿಂದಲ್ಲ, ಬೇಕೆಂದೇ. ಗೋಣಿಕೊಪ್ಪದ ಸಂತೆಗೆ ಹೋಗಬೇಕು, ಮದುವೆಗೆ ಹೋಗಬೇಕು, ಮೈಸೂರಿಗೆ ಬಸ್ಸಿನಲ್ಲಿ ಕೂರಬೇಕು. ದಾರಿಯಲ್ಲಿ ಶೌಚಾಲಯ ಎಲ್ಲಿದೆ? ತೋಟದ ಸಾಲಿನಲ್ಲಿ ಕೆಲಸ ಮಾಡುವ ಹೆಂಗಸರಿಗಂತೂ ದಿನವೂ ಇದೇ ಪಾಡು. ಹಾಗಾಗಿ ಮಾತ್ರೆಯನ್ನೂ ಬಿಡುತ್ತಾರೆ, ನೀರನ್ನೂ ಕುಡಿಯುವುದಿಲ್ಲ. ಇದನ್ನು ರೋಗಿಯ ಅಸಡ್ಡೆ ಎಂದು ಗದರಿಸುವುದು ನನಗೆ ಅನ್ಯಾಯವಾಗಿ ಕಾಣುತ್ತದೆ.

ಪರಿಹಾರ ಇದೆ, ಆದರೆ ವೈದ್ಯರಿಗೆ ನಿಜ ಹೇಳಬೇಕು. ನೀರಿನ ಮಾತ್ರೆಯ ಹೊತ್ತು ಕಲ್ಲಿನ ಮೇಲೆ ಬರೆದದ್ದಲ್ಲ. ಬೆಳಿಗ್ಗೆ ಎಂಟಕ್ಕೆ ನುಂಗುವುದನ್ನು ಆ ಒಂದು ದಿನ ಮನೆಗೆ ಮರಳಿದ ಮೇಲೆ ಮಧ್ಯಾಹ್ನ ನುಂಗಬಹುದು. ಕೆಲಸಕ್ಕೆ ಹೊರಡುವವರು ನಸುಕಿನಲ್ಲೇ ನುಂಗಿದರೆ ಹೊರಡುವ ಮೊದಲೇ ಜೋರು ಇಳಿದಿರುತ್ತದೆ. ಬಿಡುವುದಕ್ಕಿಂತ ಮುಂದೂಡುವುದು ಸಾವಿರ ಪಾಲು ಮೇಲು. ದಿನಕ್ಕೆ ಎರಡು ಸಲ ಬರೆದುಕೊಟ್ಟಿದ್ದರೆ ಎರಡನೆಯದು ಸಂಜೆ ನಾಲ್ಕರೊಳಗೆ ಮುಗಿಯಲಿ. ಬೇರೆ ಊರಿನಲ್ಲಿ ಈ ಮಾತು ನಿದ್ದೆ ಕೆಡದಿರಲೆಂದು. ಪಾಲಿಬೆಟ್ಟ, ಸಿದ್ದಾಪುರದ ಸುತ್ತ ಅದಕ್ಕಿಂತ ದೊಡ್ಡ ಕಾರಣವಿದೆ. ಶೌಚಾಲಯ ಮನೆಯ ಹೊರಗಿರುವ ಲೈನ್‌ಗಳಲ್ಲಿ ರಾತ್ರಿ ಎರಡಕ್ಕೆ ಟಾರ್ಚ್ ಹಿಡಿದು ಹೊರಡುವಾಗ ಕಾಫಿ ಗಿಡಗಳ ನಡುವೆ ಆನೆ ನಿಂತಿಲ್ಲ ಎಂದು ಯಾರು ಹೇಳಬಲ್ಲರು? ವಯಸ್ಸಾದವರು ಕೋಣೆಯಲ್ಲೇ ಮೂತ್ರದ ಪಾತ್ರೆ ಇಟ್ಟುಕೊಳ್ಳಲಿ. ನಾಚಿಕೆಯ ಮಾತೇ ಇಲ್ಲ.

ಉಪ್ಪು, ಕಾಚಂಪುಳಿ, ಎಳನೀರು

ಕೊಡಗಿನ ಅಡುಗೆಯಲ್ಲಿ ಉಪ್ಪು ಅಡಗಿ ಕೂರುವ ಜಾಗಗಳು ಗೊತ್ತಿರಬೇಕು: ಒಣಮೀನು, ಉಪ್ಪಿನಲ್ಲಿಟ್ಟ ಬಿದಿರ ಕಣಿಲೆ, ಹಂದಿಮಾಂಸದ ಉಪ್ಪಿನಕಾಯಿ, ಗಜನಿಂಬೆ ಉಪ್ಪಿನಕಾಯಿ, ಹಪ್ಪಳ, ಬೇಕರಿ ತಿಂಡಿ. ಕೈಲ್‌ಪೊಳ್ದಿಗೂ ಪುತ್ತರಿಗೂ ಹಬ್ಬದೂಟ ಬೇಡವೆಂದು ಯಾರು ಹೇಳುತ್ತಾರೆ. ಒಂದು ತುಂಡು ತಿಂದರೆ ಮುಳುಗುವುದಿಲ್ಲ. ಆದರೆ ಹಬ್ಬದ ಮಾರನೆಯ ದಿನ ತೂಕ ನೋಡುವುದನ್ನು ತಪ್ಪಿಸಬೇಡಿ. ವಿಶ್ವ ಆರೋಗ್ಯ ಸಂಸ್ಥೆ ಎಲ್ಲರಿಗೂ ಹೇಳುವ ಮಿತಿ ದಿನಕ್ಕೆ 5 ಗ್ರಾಂ ಉಪ್ಪು, ಅಂದರೆ ಒಂದು ಚಹಾ ಚಮಚದಷ್ಟು, ಎಲ್ಲ ಸೇರಿ. ಅಕ್ಕಿ ಒಟ್ಟಿಗೆ, ಕಡುಂಬುಟ್ಟಿಗೆ ಉಪ್ಪು ಹಾಕದೆ ಸಾರಿಗೆ ಮಾತ್ರ ಹಾಕಿದರೆ ನಾಲಿಗೆಗೆ ಹೆಚ್ಚು ತಿಳಿಯುವುದೂ ಇಲ್ಲ. ಕಾಚಂಪುಳಿಯ ಹುಳಿ, ಕರಿಮೆಣಸು, ಪರಂಗಿ ಮೆಣಸು ಇವು ಉಪ್ಪಿನ ಕೊರತೆಯನ್ನು ಚೆನ್ನಾಗಿ ಮುಚ್ಚುತ್ತವೆ. ಈ ವಿಷಯದಲ್ಲಿ ಕೊಡಗಿನವರು ಅದೃಷ್ಟವಂತರು. ಸೋಡಿಯಂ ಕಡಿಮೆ ಎಂದು ಅಂಗಡಿಯಲ್ಲಿ ಸಿಗುವ ಬದಲಿ ಉಪ್ಪನ್ನು ಮಾತ್ರ ಕೇಳದೆ ತರಬೇಡಿ, ಅದರಲ್ಲಿ ಪೊಟ್ಯಾಸಿಯಂ ಇರುತ್ತದೆ.

ಪೊಟ್ಯಾಸಿಯಂ ವಿಚಾರ ತುಸು ಗೋಜಲು. ಲ್ಯಾಸಿಕ್ಸ್, ಡೈಟಾರ್ ಅದನ್ನು ಮೂತ್ರದಲ್ಲಿ ಹೊರಹಾಕುತ್ತವೆ. ಅಲ್ಡಾಕ್ಟೋನ್ ಉಳಿಸಿಕೊಳ್ಳುತ್ತದೆ, ಟೆಲ್ಮಿಸಾರ್ಟಾನ್, ರ್‍ಯಾಮಿಪ್ರಿಲ್ ತರಹದ ಮಾತ್ರೆಗಳೂ ಉಳಿಸುತ್ತವೆ. ಕಡಿಮೆಯಾದರೂ ಹೆಚ್ಚಾದರೂ ಹೃದಯದ ಬಡಿತ ಏರುಪೇರಾಗುತ್ತದೆ. ಸುಸ್ತು ಎಂದ ಕೂಡಲೇ ಎಳನೀರು ಕೊಡುವ ಅಭ್ಯಾಸ ಒಬ್ಬ ರೋಗಿಗೆ ಒಳ್ಳೆಯದಾಗಿ ಇನ್ನೊಬ್ಬರಿಗೆ ಕೆಡುಕಾಗುವುದು ಹೀಗೆ. ರಕ್ತ ಪರೀಕ್ಷೆಯ ಚೀಟಿ ನೋಡದೆ ತೀರ್ಮಾನಿಸಲು ಬಾರದು.

ನೀರು ಎಷ್ಟು ಕುಡಿಯಬೇಕು? ನೆದರ್ಲೆಂಡ್ಸ್‌ನಿಂದ 2025ರಲ್ಲಿ ಬಂದ ಅಧ್ಯಯನವೊಂದರಲ್ಲಿ ಸ್ಥಿರವಾಗಿರುವ ಹೃದಯ ವೈಫಲ್ಯದ ರೋಗಿಗಳಿಗೆ ನೀರನ್ನು ಬಿಗಿಯಾಗಿ ಅಳೆದುಕೊಡುವುದರಿಂದ ಹೇಳಿಕೊಳ್ಳುವ ಲಾಭ ಕಾಣಲಿಲ್ಲ. ಬಾಯಾರಿದಷ್ಟು ಕುಡಿಯಲಿ. ಆದರೆ ಮಾತ್ರೆ ಹಾಕಿಯೂ ನೀರಿಳಿಯದವರಿಗೆ, ರಕ್ತದಲ್ಲಿ ಸೋಡಿಯಂ ಕುಸಿದವರಿಗೆ ವೈದ್ಯರು ದಿನಕ್ಕೆ ಒಂದೂವರೆ, ಎರಡು ಲೀಟರ್ ಎಂದು ಗೆರೆ ಎಳೆದಿದ್ದರೆ ಅದನ್ನು ಮೀರಬಾರದು. ಕಾಫಿ, ಗಂಜಿ, ಸಾರು ಎಲ್ಲವೂ ಅದೇ ಲೆಕ್ಕಕ್ಕೆ. ಬಾಳೆದಿಂಡಿನ ರಸ, ಕೊತ್ತಂಬರಿ ಕಷಾಯವನ್ನು ಮೂತ್ರ ಇಳಿಯಲೆಂದು ಮಾತ್ರೆಯ ಮೇಲೆ ಮಾತ್ರೆಯಂತೆ ಕೊಡುವುದು ಬೇಡ.

ಕಕ್ಕಡ ಹದಿನೆಂಟರ ಮದ್ದುಸೊಪ್ಪಿನ ಪಾಯಸದ ಬಗ್ಗೆಯೂ ಕೇಳುವವರಿರುತ್ತಾರೆ. ಆ ಪಾಯಸ ತಿಂದ ಮೇಲೆ ಮೂತ್ರ ಕೆಂಪಾಗುವುದು ಎಲ್ಲರಿಗೂ ಗೊತ್ತು, ಸೊಪ್ಪಿನ ಬಣ್ಣವದು. ಆದರೆ ವಾರ್ಫರಿನ್ ತರಹದ ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರಲ್ಲಿ ಮೂತ್ರ ಕೆಂಪಾಗುವುದಕ್ಕೆ ರಕ್ತಸ್ರಾವವೂ ಕಾರಣವಿರಬಹುದು. ಮಾರನೆಯ ದಿನವೂ ಬಣ್ಣ ಹೋಗದಿದ್ದರೆ ಪಾಯಸದ ತಲೆಗೆ ಕಟ್ಟಿ ಸುಮ್ಮನಿರಬೇಡಿ.

ನೋವಿನ ಮಾತ್ರೆ, ಮತ್ತೆ ನೀರಲ್ಲದ ಕಾರಣಗಳು

ಗಿಡ ಚಿಗುರು ತೆಗೆಯುವವರಿಗೆ, ಮೂಟೆ ಹೊರುವವರಿಗೆ ಸೊಂಟನೋವು ತಪ್ಪಿದ್ದಲ್ಲ. ಮೆಡಿಕಲ್ ಶಾಪಿನಲ್ಲಿ ಕೇಳಿ ತರುವ ಡೈಕ್ಲೋಫೆನಾಕ್, ಅಸೆಕ್ಲೋಫೆನಾಕ್, ಐಬುಪ್ರೊಫೆನ್ ಮಾತ್ರೆಗಳು ಮೂತ್ರಪಿಂಡಕ್ಕೆ ಹೋಗುವ ರಕ್ತವನ್ನು ಕಡಿಮೆ ಮಾಡಿ ಉಪ್ಪು ಹಿಡಿದಿಡುತ್ತವೆ, ನೀರಿನ ಮಾತ್ರೆಯ ಕೈ ಕಟ್ಟುತ್ತವೆ. ವಾರವೊಂದು ನುಂಗಿದರೂ ಸಾಕು, ಏದುಸಿರು ಮರಳಿ ಬರಬಹುದು. ಹೃದಯ ವೈಫಲ್ಯದವರು ನೋವಿಗೆ ಪ್ಯಾರಾಸಿಟಮಾಲ್ ಮಾತ್ರ ಕೇಳಲಿ, ಅದೂ ನೀರಿನಲ್ಲಿ ಬುರುಬುರು ಕರಗುವ ಮಾತ್ರೆ ಬೇಡ. ಅದರಲ್ಲಿ ಸೋಡಿಯಂ ತುಂಬಿರುತ್ತದೆ. ಹೊಟ್ಟೆಯುರಿಗೆ ಕುಡಿಯುವ ಈನೋ ಕೂಡ ಸೋಡಿಯಂ ಪುಡಿಯೇ.

ತೂಕ ಏರಿಲ್ಲ, ಪಾದ ಊದಿಲ್ಲ, ಆದರೂ ಉಸಿರು ಸಾಲದು ಎಂದರೆ ಆಗ ನೀರಿನ ಮಾತ್ರೆ ಜಾಸ್ತಿ ಮಾಡಿ ಪ್ರಯೋಜನವಿಲ್ಲ, ತೊಂದರೆಯೇ ಹೆಚ್ಚು. ಜ್ವರ, ಹಳದಿ ಕಫ ಇದ್ದರೆ ನ್ಯುಮೋನಿಯಾ ಇರಬಹುದು. ಮಳೆಗಾಲಕ್ಕೆ ಮೊದಲೇ ಫ್ಲೂ ಮತ್ತು ನ್ಯುಮೋನಿಯಾ ಲಸಿಕೆಗಳ ಬಗ್ಗೆ ವಿಚಾರಿಸಿ. ನಾಡಿ ತಾಳ ತಪ್ಪಿ ಓಡುತ್ತಿದ್ದರೆ ಇಸಿಜಿ ಬೇಕು. ರಕ್ತಹೀನತೆ ಇಲ್ಲಿನ ಕೂಲಿ ಹೆಂಗಸರಲ್ಲಿ ಹೊಸದಲ್ಲ. ಸೌದೆ ಒಲೆಯ ಹೊಗೆ, ಬೀಡಿಯಿಂದ ಕೆಟ್ಟ ಶ್ವಾಸಕೋಶ ಬೇರೆ. ಸ್ಟೆಂಟ್ ಹಾಕಿಸಿಕೊಂಡವರಿಗೆ ಕೊಡುವ ಟಿಕಾಗ್ರೆಲಾರ್ ಮಾತ್ರೆಯಿಂದಲೂ ಕೆಲವರಿಗೆ ಏದುಸಿರು ಬರುತ್ತದೆ. ಹಾಗೆಂದು ಅದನ್ನು ತಾವೇ ನಿಲ್ಲಿಸಿದರೆ ಸ್ಟೆಂಟ್ ಮುಚ್ಚಿಕೊಂಡು ಪ್ರಾಣಕ್ಕೇ ಬರುತ್ತದೆ. ವೈದ್ಯರು ಬೇರೆ ಮಾತ್ರೆಗೆ ಬದಲಾಯಿಸಬಲ್ಲರು.

ಮಾತ್ರೆ ಅತಿಯಾದರೂ ಗೊತ್ತಾಗುತ್ತದೆ. ಎದ್ದು ನಿಂತರೆ ಕಣ್ಣು ಕತ್ತಲೆ, ಬಾಯಿ ಒಣಗುವುದು, ಕಾಲು ಸೆಳೆತ, ತೂಕ ಇಳಿಯುತ್ತಲೇ ಹೋಗುವುದು. ವಾಂತಿಭೇದಿ ಹಿಡಿದ ದಿನ ನೀರಿನ ಮಾತ್ರೆಯನ್ನು, ಡಪಾಗ್ಲಿಫ್ಲೋಜಿನ್, ಬಿ.ಪಿ. ಮಾತ್ರೆಗಳನ್ನು ಎಂದಿನಂತೆ ನುಂಗಬೇಕೇ, ತಡೆಯಬೇಕೇ ಎಂದು ಅಂದೇ ಫೋನ್ ಮಾಡಿ ಕೇಳಬೇಕು.

ಕಾಯಬಾರದ ಹೊತ್ತು

ಒಂದು ವಾಕ್ಯ ಪೂರ್ತಿ ಆಡಲಾಗದಷ್ಟು ಏದುಸಿರು, ತುಟಿ ನೀಲಿ, ನೊರೆನೊರೆಯಾದ ಗುಲಾಬಿ ಕಫ, ಎದೆನೋವು, ತಣ್ಣನೆಯ ಬೆವರು, ಪ್ರಜ್ಞೆ ಮಂಕಾಗುವುದು: ಇವುಗಳಲ್ಲಿ ಒಂದಿದ್ದರೂ 108ಕ್ಕೆ ಕರೆ ಮಾಡಿ. ರೋಗಿಯನ್ನು ಮಲಗಿಸಬೇಡಿ. ಮಂಚದ ಅಂಚಿನಲ್ಲಿ ಕಾಲು ಇಳಿಬಿಟ್ಟು, ಬೆನ್ನಿಗೆ ಆಸರೆ ಕೊಟ್ಟು ಕೂರಿಸಿ. ನೀರು, ಕಾಫಿ ಕುಡಿಸಬೇಡಿ. ಆಕ್ಸಿಮೀಟರ್ 90ಕ್ಕಿಂತ ಕೆಳಗೆ ತೋರಿಸಿದರೆ ತಡಮಾಡುವಂತಿಲ್ಲ. ಆದರೆ 96 ತೋರಿಸಿತು ಎಂದು ನೆಮ್ಮದಿಯಿಂದ ಕೂರಲೂ ಬಾರದು. ರೋಗಿ ಒದ್ದಾಡುತ್ತಿದ್ದರೆ ರೋಗಿಯನ್ನು ನಂಬಿ, ಯಂತ್ರವನ್ನಲ್ಲ. ಚಳಿಗೆ ಮರಗಟ್ಟಿದ ಬೆರಳಿನಲ್ಲಿ ಅದು ಸುಳ್ಳು ಹೇಳುತ್ತದೆ. ಮೊದಲು ಹತ್ತಿರದ ಆಸ್ಪತ್ರೆ, ವಿರಾಜಪೇಟೆಯದ್ದೋ ಅಮ್ಮತ್ತಿಯದ್ದೋ. ಆಮ್ಲಜನಕ ಮತ್ತು ಇಂಜೆಕ್ಷನ್ ಸಿಕ್ಕ ಮೇಲೆ ಮೈಸೂರಿನ ಯೋಚನೆ. ನೇರ ಮೈಸೂರಿಗೇ ಎಂದು ಕಾರು ಹತ್ತಿಸುವುದು ಈ ಭಾಗದಲ್ಲಿ ಮಾಡಬಾರದ ಸಾಹಸ.

2019ರ ಆಗಸ್ಟ್‌ನಲ್ಲಿ ಕಾವೇರಿ ಉಕ್ಕಿ ಕರಡಿಗೋಡು, ನೆಲ್ಲಿಹುದಿಕೇರಿ ನೀರಿನಲ್ಲಿ ನಿಂತದ್ದು, ಹಿಂದಿನ ವರ್ಷ ಮಡಿಕೇರಿ ಸುತ್ತ ಗುಡ್ಡ ಕುಸಿದದ್ದು ಯಾರೂ ಮರೆತಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎಲ್ಲ ಹೃದಯದ ಮಾತ್ರೆಗಳೂ ಹದಿನೈದು ದಿನಕ್ಕೆ ಸಾಲುವಷ್ಟು ಮನೆಯಲ್ಲಿ ಹೆಚ್ಚುವರಿ ಇರಲಿ, ಗಾಳಿಯಾಡದ ಡಬ್ಬಿಯಲ್ಲಿ. ಜನೌಷಧಿ ಕೇಂದ್ರದಲ್ಲಿ ಕೊಳ್ಳುವವರು ಕಂಪನಿ ಹೆಸರಲ್ಲ, ಔಷಧದ ಹೆಸರು ಮತ್ತು ಮಿಲಿಗ್ರಾಂ ಓದಿ ಹೊಂದಿಸಿಕೊಳ್ಳಬೇಕು. ಎರಡು ಹೆಸರಿನಲ್ಲಿ ಒಂದೇ ಔಷಧ ನುಂಗುವವರು ಕಡಿಮೆಯಿಲ್ಲ.

ಮೈಸೂರಿಗೆ ತಪಾಸಣೆಗೆ ಹೋಗುವಾಗ ಹಳೆಯ ಎಕೋ ವರದಿ, ತೂಕದ ನೋಟ್‌ಬುಕ್, ನುಂಗುತ್ತಿರುವ ಎಲ್ಲ ಮಾತ್ರೆಗಳ ಖಾಲಿ ಸ್ಟ್ರಿಪ್, ಆಯುಷ್ಮಾನ್ ಕಾರ್ಡು ಒಂದೇ ಚೀಲದಲ್ಲಿರಲಿ. ವೈದ್ಯರಿಗೆ ಸಿಗುವುದು ಕೆಲವೇ ನಿಮಿಷ, ಹಾಗಾಗಿ ಕೇಳಬೇಕಾದ್ದನ್ನು ಬರೆದುಕೊಂಡು ಹೋಗಿ. ನೀರಿನ ಮಾತ್ರೆ ಉಸಿರಿಗೆ ನಿರಾಳ ಕೊಡುತ್ತದೆ, ಆದರೆ ಲ್ಯಾಸಿಕ್ಸ್, ಡೈಟಾರ್ ಹೃದಯವನ್ನು ರಿಪೇರಿ ಮಾಡುವುದಿಲ್ಲ. ಪಂಪು ದುರ್ಬಲವಾದವರಲ್ಲಿ ಆಯಸ್ಸು ಹೆಚ್ಚಿಸುತ್ತವೆಂದು ಸಾಬೀತಾದವು ಬೇರೆ ನಾಲ್ಕು ಗುಂಪಿನ ಔಷಧಗಳು. ಅವುಗಳಲ್ಲಿ ಅಲ್ಡಾಕ್ಟೋನ್ ಒಂದು, 1999ರ ದೊಡ್ಡ ಪ್ರಯೋಗವೊಂದರಲ್ಲಿ ಅದು ತೀವ್ರ ರೋಗಿಗಳ ಸಾವನ್ನು ಶೇಕಡಾ 30ರಷ್ಟು ತಗ್ಗಿಸಿತ್ತು. ನನಗೆ ಈ ನಾಲ್ಕರಲ್ಲಿ ಯಾವುದು ನಡೆಯುತ್ತಿದೆ, ಯಾವುದು ಏಕೆ ಇಲ್ಲ ಎಂದು ಕೇಳುವ ಹಕ್ಕು ರೋಗಿಗಿದೆ. ಎರಡನೆಯ ಪ್ರಶ್ನೆ: ತೂಕ ಎರಡು ಕಿಲೋ ಏರಿದರೆ ನೀರಿನ ಮಾತ್ರೆಯನ್ನು ಎಷ್ಟಕ್ಕೆ ಏರಿಸಲಿ, ಎಷ್ಟು ದಿನ, ಯಾವ ತೂಕಕ್ಕೆ ಬಂದಾಗ ಮೊದಲಿನ ಪ್ರಮಾಣಕ್ಕೆ ಮರಳಲಿ? ಉತ್ತರವನ್ನು ಬಾಯಿಮಾತಿನಲ್ಲಿ ಅಲ್ಲ, ಚೀಟಿಯಲ್ಲಿ ಬರೆಸಿಕೊಳ್ಳಿ. ಪ್ರಮಾಣ ಬದಲಾದ ಒಂದೆರಡು ವಾರದೊಳಗೆ ಕ್ರಿಯಾಟಿನಿನ್, ಸೋಡಿಯಂ, ಪೊಟ್ಯಾಸಿಯಂ ಪರೀಕ್ಷೆ ಆಗಬೇಕು. ಅದಕ್ಕೆ ಮೈಸೂರಿನವರೆಗೆ ಹೋಗಬೇಕಿಲ್ಲ, ಗೋಣಿಕೊಪ್ಪದಲ್ಲೋ ವಿರಾಜಪೇಟೆಯಲ್ಲೋ ರಕ್ತ ಕೊಟ್ಟು ವರದಿಯನ್ನು ಫೋನಿನಲ್ಲಿ ಕಳಿಸಬಹುದೇ ಎಂದು ಹೊರಡುವ ಮೊದಲೇ ಕೇಳಿಟ್ಟುಕೊಳ್ಳಿ.